ಗಣಪತಿಯ ಮುಂದಿನ ಕಲ್ಲುಸಕ್ಕರೆ

ದೇವರ ಗೂಡಿನಲ್ಲಿ ಇವತ್ತೂ ಇರುವೆ. ಗಿರಿಜಾ ಗಣಪತಿಯನ್ನು ಒಂದು ಕೈಯಲ್ಲಿ ಎತ್ತಿಕೊಂಡು ಒದ್ದೆ ಬಟ್ಟೆ ಎಳೆಯುತ್ತಿದ್ದಾಗ ಫೋನ್ ಬಂತು. ಅವಳನ್ನು ಕೆಲಸಕ್ಕೆ ಆರಿಸಿದ್ದ, ಗುಜರಾತದ ಸಾನಂದದ ಕಂಪ್ಯೂಟರ್ ಚಿಪ್ ಕಾರ್ಖಾನೆಯ ನಿತೇಶ್.

"ಪರ್ಮಿಟ್ ಮಿಲ್ ಗಯಾ, ಗಿರಿಜಾಬೆನ್." ಪರವಾನಗಿ ಸಿಕ್ಕಿ ಯಂತ್ರ ಹಡಗು ಹತ್ತಿದೆ, ಒಂದನೇ ತಾರೀಖಿನಿಂದ ತರಬೇತಿ, ಅವರ ಬಡಾವಣೆ ನವರಂಗಪುರದಿಂದಲೇ ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಎಂದ.

ಡಿಪ್ಲೊಮಾ ಮುಗಿಸಿ ಹನ್ನೊಂದು ವರ್ಷದ ಮೇಲೆ ಸಿಕ್ಕ ಕೆಲಸ. ಸರ್ಕಾರದ ನೆರವಿನಿಂದ ಎದ್ದ ಕಾರ್ಖಾನೆ ಸಿದ್ಧವಾಗಿತ್ತು. ಚಿಪ್‌ಗೆ ಕೂದಲಿಗಿಂತ ತೆಳುವಾದ ತಂತಿ ಬೆಸೆಯುವ ಯಂತ್ರ ಮಾತ್ರ ಬಂದಿರಲಿಲ್ಲ. ಅದನ್ನು ತಯಾರಿಸಿದ ದೇಶ ಹೊಸ ನಿಯಮ ತಂದು, ಪರವಾನಗಿ ಇಲ್ಲದೆ ಬಂದರು ದಾಟಿಸುವಂತಿಲ್ಲ ಎಂದಿತ್ತು. ಗಿರಿಜಾ ಐದು ತಿಂಗಳು ಕಾದಿದ್ದಳು. ಈ ತಿಂಗಳೂ ಪರವಾನಗಿ ಬರದಿದ್ದರೆ ಅವಳ ಹೆಸರಿದ್ದ ಆಯ್ಕೆಪಟ್ಟಿಯೇ ರದ್ದಾಗುತ್ತಿತ್ತು.

ಗಂಡ ಉಮಾಕಾಂತ ಅವಳ ಮುಖ ನೋಡಿಯೇ ತಿಳಿದುಕೊಂಡ. "ಬಂತೇನ? ಹಂಗಾರ ಒಂದನೇ ತಾರೀಖಿನಿಂದ ಚಪಾತಿ ನಾ ಲಟ್ಟಸೂದು ಅನ್ನು."

"ಲಟ್ಟಸ್ರಿ. ಗುಜರಾತದ ನಕಾಶಿ ಹಂಗ ಸೊಟ್ಟ ಆಗದಿದ್ರ ಸಾಕು."

ಎಂಟು ವರ್ಷದ ಮಗಳು ಮಹಿಮಾ ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಿರಿಜಾ ಅವಳನ್ನು ಮುಂದೆ ಕೂಡಿಸಿಕೊಂಡು ಜಡೆ ಹೆಣೆಯತೊಡಗಿದಳು. ಕೆಲಸದ ಮಾತು ಬಂದಾಗಿನಿಂದ ದಿನವೂ ಶಾಲೆಗೆ ಹೊರಡುವ ಮುಂಚೆ ಈ ಹುಡುಗಿ ಗಣಪತಿಯ ಮುಂದೆ ಒಂದು ಕಲ್ಲುಸಕ್ಕರೆ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಇರುವೆ ಬರುತ್ತಿದ್ದುದು ಅದಕ್ಕೇ. ಗಿರಿಜಾ ಒಂದು ದಿನವೂ ಬೇಡ ಎಂದಿರಲಿಲ್ಲ.

"ನಿನ್ನ ಗಣಪತಿ ಕೇಳಿದ ನೋಡು ಪುಟ್ಟಿ. ಇಷ್ಟು ಸಕ್ಕರಿ ತಿಂದು ಕೇಳದ ಇರ್ತಾನೇನು?"

ಮಹಿಮಾ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಏನೋ ಕೇಳಲು ತಿರುಗಿದವಳು ಮತ್ತೆ ಮುಂದಕ್ಕೆ ನೋಡಿದಳು.

"ಐದಕ್ಕ ಎದ್ದು ಜಡಿ ಹಾಕೇ ಹೋಗ್ತೀನಿ," ಎಂದಳು ಗಿರಿಜಾ. "ನೀ ಮಲ್ಕೊಂಡೇ ಇರು. ಎಬ್ಬಸೂದಿಲ್ಲ."

ಎರಡನೆಯ ಜಡೆ ಅರ್ಧಕ್ಕೆ ಬಂದಿತ್ತು. ಒರೆಸಿದ ಗೂಡಿನ ಅಂಚಿನಲ್ಲಿ ಉಳಿದಿದ್ದ ಒಂದೇ ಒಂದು ಇರುವೆ ಸಕ್ಕರೆಯ ಚೂರು ಹೊತ್ತು ಹೊರಟಿತ್ತು. ಮಹಿಮಾ ಅದು ಗೋಡೆ ಸೇರುವವರೆಗೂ ನೋಡಿದಳು.

"ಅಮ್ಮಾ, ಸಚ್ಚಿ, ಖರೇ ಹೇಳು. ನಾನು ಮಶೀನ್ ಬರಬಾರ್ದು ಅಂತ ಸಕ್ಕರಿ ಇಡ್ತಿದ್ದೆ. ಆ ದೇಶದವರು ರೂಲ್ ಮಾಡಿದ್ದು ಅದಕ್ಕೇನಾ?"