ಗಸಿ ಇದ್ದರೇ ಶುದ್ಧ

ಕಾಡುಗೋಡಿಯ ಮುತ್ತಣ್ಣನ ಗಾಣವನ್ನು ಎತ್ತು ತಿರುಗಿಸುವುದಿಲ್ಲ, ಕರೆಂಟು ತಿರುಗಿಸುತ್ತದೆ. ಒರಳು ಮಾತ್ರ ಮರದ್ದು. ಕಡಲೆಕಾಯಿ ಎಣ್ಣೆಯನ್ನು ಅವನು ಮಹಡಿಯ ಬಿಸಿಲಿನಲ್ಲಿ ದಿನಗಟ್ಟಲೆ ಇಟ್ಟು, ಗಸಿಯೆಲ್ಲ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾಟಲಿಗೆ ತುಂಬುತ್ತಿದ್ದ. ಗಸಿ ಉಳಿದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಬಾಟಲಿಯ ಹಿಂದೆ ಪೇಪರ್ ಹಿಡಿದು, ಅಕ್ಷರ ಓದಿ ತೋರಿಸುವುದು ಅವನಿಗೊಂದು ಹೆಮ್ಮೆ. ಅಷ್ಟು ಹೆಮ್ಮೆ ಪಡಲು ಅವನಿಗೆ ಹಕ್ಕೂ ಇತ್ತು.

ಆಗ ಒಂದು ರೀಲ್ ಬಂತು. ತೋಳು ಕಾಣುವ ಅಂಗಿ ತೊಟ್ಟ ಯುವಕನೊಬ್ಬ, ಎಣ್ಣೆ ತಿಳಿಯಾಗಿದ್ದರೆ ಅದು ಗಾಣದ್ದಲ್ಲ, ತಳದಲ್ಲಿ ಗಸಿ ಇದ್ದರೇ ಶುದ್ಧ ಎಂದ. ಅವನು ಗಾಣ ನೋಡಿದವನಂತೆ ಕಾಣಲಿಲ್ಲ, ಆದರೆ ಹಲ್ಲು ಚೆನ್ನಾಗಿದ್ದವು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಗ್ರೂಪುಗಳಿಗೆ ಅಷ್ಟು ಸಾಕಾಯಿತು.

ಮೊದಲು ಬಾಟಲಿ ವಾಪಸ್ ತಂದವಳು ಸ್ಫೂರ್ತಿ, ಎರಡು ವರ್ಷದಿಂದ ಗಿರಾಕಿ.

“ಬೇಜಾರ್ ಮಾಡ್ಕೋಬೇಡಿ ಅಣ್ಣ. ಇದು ಇಷ್ಟು ಕ್ಲಿಯರ್ ಆಗಿ ಹೇಗಿದೆ?”

“ಬಿಸಿಲಿಗಿಟ್ರೆ ಗಸಿ ತಾನೇ ಇಳಿಯುತ್ತೆ ಮೇಡಂ. ಮಹಡಿಗೆ ಬನ್ನಿ, ತೋರಿಸ್ತೀನಿ.”

“ಫಸ್ಟ್ ಈ ವಿಡಿಯೋ ನೋಡಿ” ಎಂದು ಅವಳು ಫೋನ್ ಮುಂದೆ ಹಿಡಿದಳು. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ಮುತ್ತಣ್ಣ ಪೂರ್ತಿ ನೋಡಿದ, ಹಣ ವಾಪಸ್ ಕೊಟ್ಟ.

ಮರುತಿಂಗಳು ಗಾಣ ಅರ್ಧ ದಿನ ಸುಮ್ಮನೆ ನಿಲ್ಲತೊಡಗಿತು. ಹೆಂಡತಿ ಯಮುನಾ ಅಂಗಡಿಯಲ್ಲಿ ಕೂತು ನೊಣ ಹೊಡೆಯುತ್ತಿದ್ದಳು.

“ಗಸಿ ಬೇಕಂತೆ, ಕೊಟ್ಬಿಡಿ. ವಿಷ ಏನಲ್ವಲ್ಲ.”

“ಎಣ್ಣೆ ಕೆಟ್ಟೋಗುತ್ತೆ ಕಣೆ.”

“ಗಾಣ ಮುಚ್ಚಿ ಏನ್ ತಿನ್ನೋಣ?”

 ಮಾರನೆಯ ದಿನ ಹಳೇ ಡಬ್ಬಗಳ ತಳದಿಂದ ಗಸಿ ತೆಗೆದು, ತಿಳಿ ಎಣ್ಣೆಯ ಬಾಟಲಿಗೆಲ್ಲ ಚಮಚದಲ್ಲಿ ಹಾಕಿ ಅಲ್ಲಾಡಿಸಿದ. ಜೀವಮಾನದಲ್ಲಿ ಕಲಬೆರಕೆ ಮಾಡದವನು, ಶುದ್ಧವೆಂದು ಕಾಣಿಸುವುದಕ್ಕಾಗಿ ಕಲಬೆರಕೆ ಮಾಡಿದ. ವ್ಯಾಪಾರ ಚೇತರಿಸಿಕೊಂಡಿತು, ಸ್ಫೂರ್ತಿಯೂ ಮತ್ತೆ ಗಿರಾಕಿಯಾದಳು. ಮನೆಯ ಅಡುಗೆಗೆ ಯಮುನಾ ತಿಳಿ ಎಣ್ಣೆಯನ್ನೇ ಬೇರೆ ತೆಗೆದಿಡುತ್ತಿದ್ದಳು.

ಬೇಸಿಗೆ ಶುರುವಾದಾಗ ಸ್ಫೂರ್ತಿ ಅರ್ಧ ಬಾಟಲಿ ಹಿಡಿದು ಬಂದಳು. ಮುಚ್ಚಳ ತೆಗೆದರೆ ಕಮಟು ವಾಸನೆ. ಮುತ್ತಣ್ಣನಿಗೆ ನಾಚಿಕೆಯಾಯಿತು, ಜೊತೆಗೆ ಸ್ವಲ್ಪ ನಿರಾಳವೂ ಆಯಿತು. ನಿಜ ಹೇಳಿ ಮುಗಿಸಿಬಿಡೋಣ ಎಂದು ಬಾಯಿ ತೆರೆದ.

“ನೋಡಿದ್ರಾ ಅಣ್ಣ, ಕೆಟ್ಟಿದೆ ಅಂದ್ರೆ ಪ್ರಿಸರ್ವೇಟಿವ್ ಇಲ್ಲ ಅಂತ ಪ್ರೂಫ್ ಆಯ್ತಲ್ಲ” ಎಂದಳು ಸ್ಫೂರ್ತಿ ಖುಷಿಯಿಂದ. “ನಮ್ಮ ಗ್ರೂಪಲ್ಲಿ ಎಲ್ರಿಗೂ ಇದೇ ಬೇಕಂತೆ. ಒಂದು ರೀಲ್ ಮಾಡ್ತೀನಿ, ಒಂದೇ ಮಾತು ಹೇಳಿ. ಮನೇಲಿ ನೀವು ತಿನ್ನೋದೂ ಇದೇನಾ?”

ಫೋನ್ ಅವನ ಮುಖಕ್ಕೆ ತಿರುಗಿತು. ಯಮುನಾ ಗಂಡನನ್ನೇ ನೋಡುತ್ತಿದ್ದಳು.

“ಹೂಂ ಮೇಡಂ” ಎಂದ ಮುತ್ತಣ್ಣ. “ನಮ್ಮಪ್ಪನ ಕಾಲದಿಂದ್ಲೂ ಇದೇ.”

ದನಿ ಸರಿಯಾಗಿ ಬಂದಿಲ್ಲ, ಇನ್ನೊಂದು ಸಲ ಹೇಳಿ ಎಂದಳು ಸ್ಫೂರ್ತಿ. ಎರಡನೇ ಸಲ ಅವನು ನಗುನಗುತ್ತಾ, ಜೋರಾಗಿಯೇ ಹೇಳಿದ.