ನಾಟಿ ಸಾಲಿನ ಗೂಡು

ನಲವತ್ತು ವರ್ಷ ಕೆಸರು ತುಳಿದವಳಿಗೆ ಕೆಸರು ತೋರಿಸಿ ಬುದ್ಧಿ ಹೇಳಲು ಒಬ್ಬ ಓದಿದ ಹೆಂಗಸು ಬೇಕಿತ್ತೇ ಎಂದು ನಾನು ಮೊದಲ ದಿನದಿಂದಲೂ ಗೊಣಗುತ್ತಿದ್ದೆ. ಇಂದ್ರಾಣಿ ಮೇಡಂ ಕೌನ್ಸೆಲಿಂಗ್ ಮಾಡುವ ಕಡೆ ಮೇಜಿಲ್ಲ, ಫ್ಯಾನಿಲ್ಲ. ಊರು ಗಂಡು ಎಂದರೂ ತಾನು ಹೆಣ್ಣೆಂದು ತಿಳಿದವರನ್ನು, ಹೆಣ್ಣು ಎಂದರೂ ಗಂಡೆಂದು ತಿಳಿದವರನ್ನು, ಜೊತೆಗೆ ಅವರ ಹೆತ್ತವರನ್ನೂ ಕರೆದುಕೊಂಡು ಹೊಲ, ಹೊಳೆ ಸುತ್ತಿಸುತ್ತಾರೆ. ಒಂದು ಭಾನುವಾರ ನಂಜನಗೂಡಿನಲ್ಲಿ ಕಪಿಲೆಯ ದಡದ ಮೇಲೆ ಸುಮ್ಮನೆ ಕೂರಿಸಿದರು. ಇನ್ನೊಂದು ಭಾನುವಾರ ಬಾಳೆತೋಟದಲ್ಲಿ ಬರಿಗಾಲಲ್ಲಿ ನಡೆಸಿದರು. ನಮ್ಮೂರು ಹದಿನಾರಿನಿಂದ ಎರಡು ಬಸ್ಸು ಹತ್ತಿ ಬಂದು ಬಾಳೆಗಿಡ ನೋಡಬೇಕಾಗಿ ಬಂತು ನನ್ನ ಹಣೆಬರಹ.

ನನ್ನ ಗಂಡ ಗೋವಿಂದಯ್ಯ ಆ ತೋಟದಲ್ಲೇ ಕರಗಿಹೋದ. ಹೊರಗೆ ಬರುವಾಗ ನಮ್ಮ ಮಗುವಿನ ಕಡೆ ತಿರುಗಿ, "ಕವನ, ನೀರು ಕುಡುದ್ಯಾ ಅವ್ವ?" ಎಂದ. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ನಾಲ್ಕು ವರ್ಷ ಮಗನೆಂದು ಸಾಕಿದ್ದನ್ನು ಒಂದು ಲೋಟ ನೀರು ಕೇಳುವಷ್ಟು ಹೊತ್ತಿನಲ್ಲಿ ಬಿಟ್ಟುಕೊಡುತ್ತಾರೆಯೇ?

ಕವನ ಎಂಬುದು ಅವಳೇ ಇಟ್ಟುಕೊಂಡ ಹೆಸರು. ಮೈಸೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಎರಡು ವರ್ಷದಿಂದ ಸೀರೆ, ಚೂಡಿದಾರ ತೊಡುತ್ತಿದ್ದಳು. ನಾನು ಆ ಹೆಸರನ್ನು ಒಮ್ಮೆಯೂ ಕರೆದಿರಲಿಲ್ಲ. ಮೇಡಂ ಕರೆದಿದ್ದ ಕೊನೆಯ ಭಾನುವಾರದ ಹಿಂದಿನ ಸಂಜೆ ಫೋನ್ ಮಾಡಿ, "ಅವ್ವ, ನಾಳೆನೂ ನೀನು ನನ್ನನ್ನ ಮಗಳು ಅಂತ ಒಪ್ದೆ ಇದ್ರೆ ನಾನಿನ್ನು ಊರಿಗೆ ಬರಲ್ಲ. ಕೋಪ ಏನಿಲ್ಲ. ಬಂದು ಬಂದು ಸಾಕಾಗೋಯ್ತು," ಎಂದಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೆತ್ತಗೆ ಹೇಳಿದ್ದರಿಂದ ಅನ್ನದ ತಟ್ಟೆ ಸರಿಸಿ ಎದ್ದೆ.

ಆ ಭಾನುವಾರ ತಿ. ನರಸೀಪುರದ ರಸ್ತೆಯ ಪಕ್ಕ, ನಾಲೆಯ ಕೆಳಗಿದ್ದ ಮೇಡಂ ಅವರ ಅರ್ಧ ಎಕರೆಯಲ್ಲಿ ಭತ್ತದ ನಾಟಿ. ಅವರು ಹೇಳಿದ್ದು ಇಷ್ಟೇ: "ನಿಮಗೆ ಎಲ್ಲಿ ನಿಲ್ಬೇಕು ಅನ್ಸುತ್ತೋ ಅಲ್ಲಿ ನಿಂತ್ಕೊಳ್ಳಿ." ನಮ್ಮ ಕಡೆ ಗಂಡಸರು ಬದುವಿನ ಮೇಲಿಂದ ಪೈರಿನ ಕಂತೆ ಎಸೆಯುತ್ತಾರೆ. ಹೆಂಗಸರು ಸಾಲಾಗಿ ಬಗ್ಗಿ, ನೆಡುತ್ತ ಹಿಂದಕ್ಕೆ ಸರಿಯುತ್ತಾರೆ. ಗೋವಿಂದಯ್ಯ ಬದು ಹತ್ತಿದ. ಕವನ ಸೀರೆ ಎತ್ತಿಕಟ್ಟಿ, ಅಪ್ಪನ ಹಳೇ ಅಂಗಿಯನ್ನು ಮೇಲೆ ತೊಟ್ಟು ಹೆಂಗಸರ ಸಾಲಿಗೆ ಇಳಿದಳು. ಗಂಡಸಿನ ಅಂಗಿ ಕಂಡು ನನಗೊಂದು ಚೂರು ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಸಾಲಿನಲ್ಲಿ ನಾಟಿಗೆ ಬಂದಿದ್ದ ಊರಿನ ಎಂಟೂ ಹೆಂಗಸರು ಸೀರೆಯ ಮೇಲೆ ತಂತಮ್ಮ ಗಂಡಂದಿರ ಅಂಗಿಯನ್ನೇ ತೊಟ್ಟಿದ್ದರು. ನಾನು ಹೊಂಗೆ ಮರದ ಕೆಳಗೆ ಮುಖ ಊದಿಸಿಕೊಂಡು ಕೂತೆ.

ಮೋಡ ಕವಿದ ಬೆಳಗು. ಗಾಳಿಯೇ ಇರಲಿಲ್ಲ. ಗದ್ದೆಯ ನೀರಿನೊಳಕ್ಕೆ ಬಾನೆಲ್ಲ ಇಳಿದು ಮಲಗಿತ್ತು. ಹೆಂಗಸರು ಮೋಡದೊಳಗೆ ಕೈ ಅದ್ದಿ, ಹಸಿರು ನೆಟ್ಟು, ಹಿಂದೆ ಹಿಂದೆ ತೇಲುತ್ತಿದ್ದರು. ಅವರ ಆಚೆ ಕೊಕ್ಕರೆಗಳು ನೀರಿನ ಮೇಲೊಂದು, ನೀರಿನೊಳಗೊಂದು ನಡೆಯುತ್ತಿದ್ದವು. ನಿದ್ದೆಯೋ ಎಚ್ಚರವೋ ತಿಳಿಯದ ಹೊತ್ತು ಅದು. ಆ ಸಾಲಿನಲ್ಲಿ ತೀರಿಹೋದ ನನ್ನವ್ವ ಬಗ್ಗಿದ್ದಳು, ನನ್ನ ಅತ್ತೆ ಬಗ್ಗಿದ್ದಳು, ಹದಿನೆಂಟರ ನಾನೂ ಬಗ್ಗಿದ್ದೆ. ಕೈಗಳೆಲ್ಲ ಒಟ್ಟಿಗೆ ನೀರಿಗೆ ಹೋಗಿ ಒಟ್ಟಿಗೆ ಮೇಲೆ ಬರುತ್ತಿದ್ದವು. ಅದರಲ್ಲಿ ನನ್ನ ಮಗುವಿನ ಬೆನ್ನು ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಹುಡುಕುವ ಮನಸ್ಸೂ ಮೆಲ್ಲಗೆ ಹೋಯಿತು.

ನಗು ಕೇಳಿ ಬೆಚ್ಚಿದೆ. ಕವನಳ ಸುತ್ತ ಗೂಡು ಕಟ್ಟಿದ್ದರು. ಸಾಲಿನಲ್ಲಿ ನಿಧಾನವಾಗಿ ನೆಡುವವಳನ್ನು ಉಳಿದವರು ಮುಂದೆಯೇ ಬಿಟ್ಟು, ತಾವು ಹಿಂದೆ ಸರಿದು, ಅವಳ ಬೆನ್ನ ಹಿಂದೆಯೂ ಅಡ್ಡಡ್ಡ ನೆಟ್ಟುಬಿಡುತ್ತಾರೆ. ನಾಲ್ಕೂ ಕಡೆ ಪೈರು, ನಡುವೆ ಒಂದು ತುಂಡು ಕೆಸರಿನಲ್ಲಿ ಅವಳೊಬ್ಬಳು. ಅವಳ ಕಡೆಯ ಹೆಂಗಸೊಬ್ಬಳು ಬಂದು ಜೊತೆಗೆ ನೆಟ್ಟು ಬಿಡಿಸಿಕೊಳ್ಳುವ ತನಕ ಈಚೆ ಬರುವಂತಿಲ್ಲ. ಕವನ ನೆಟ್ಟದ್ದೆಲ್ಲ ತೇಲುತ್ತಿತ್ತು. ಸಾಲಿನ ಹಿರಿಯಳು ದೇವೀರಮ್ಮ ಸೊಂಟದ ಮೇಲೆ ಕೈಯಿಟ್ಟು, "ಯಾರ ಮನೆ ಹೆಣ್ಣಮ್ಮಿ ಇದು? ಬಂದು ಬುಡುಸ್ಕೊಳಿ," ಎಂದು ಕೂಗಿದಳು.

ನಾನು ಬದುವಿಗೆ ನುಗ್ಗಿದೆ. "ಗೊತ್ತಿಲ್ದ ಮಗೀನ ನಿಲ್ಸ್ಕಂಡು ನಗೆಪಾಟ್ಲು ಮಾಡ್ತಿದ್ದೀರಾ?"

"ನೀನೂ ನಾಟಿ ಮಾಡಿರೋಳೇ ತಾನೆ?" ದೇವೀರಮ್ಮನಿಗೆ ಸಿಟ್ಟೇ ಬರಲಿಲ್ಲ. "ಇಂದೂ ಮುಂದೂ ಯಾರೂ ಇಲ್ದೋಳ್ಗೆ ಯಾರಾರ ಗೂಡು ಕಟ್ಟಾರಾ?"

ಅವಳು ಹೇಳಿದ್ದು ನಿಜ. ಯಾರೂ ಇಲ್ಲದವಳಿದ್ದರೆ ಅಕ್ಕಪಕ್ಕದವರು ತುಟಿ ಪಿಟಕ್ಕೆನ್ನದೆ ಅವಳ ಪಾಲನ್ನೂ ನೆಟ್ಟು ಸಾಲು ಸರಿಮಾಡುತ್ತಾರೆ. ಬಿಡಿಸಿಕೊಳ್ಳಲು ಜನ ಇರುವವಳಿಗೆ ಮಾತ್ರ ಗೂಡು. ನಾನು ಮದುವೆಯಾಗಿ ಬಂದ ವರ್ಷ ನನಗೂ ಕಟ್ಟಿದ್ದರು. ಅತ್ತೆ ಬೈಯುತ್ತಲೇ ಇಳಿದು, "ನಮ್ಮ ಹೆಣ್ಣ ಬುಡ್ರೇ," ಎಂದಾಗಲೇ ನಾನು ಆ ಮನೆಯವಳಾದೆ ಅನ್ನಿಸಿದ್ದು.

ಕವನಳಿಗೆ ಈ ರೂಢಿ ಗೊತ್ತಿರಲಿಲ್ಲ. ಅವಳು ನನ್ನ ಕಡೆ ಒಮ್ಮೆ ನೋಡಿ, ತಕ್ಷಣ ತಲೆ ಬಗ್ಗಿಸಿ, ತೇಲುವ ಪೈರನ್ನು ಆಯ್ದು ಒಬ್ಬಳೇ ಮತ್ತೆ ನೆಡತೊಡಗಿದಳು. ಯಾರೂ ಬರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಳು.

ಸೆರಗು ಸಿಕ್ಕಿಸಿ, ಪೈರು ತುಳಿಯದಂತೆ ಹೆಜ್ಜೆಯಿಟ್ಟು ಅವಳ ಪಕ್ಕ ಹೋಗಿ ಬಗ್ಗಿದೆ.

"ಇಷ್ಟು ವಯಸ್ಸಾದ್ರೂ ನಾಟಿ ಕಲ್ಸಿಲ್ವಲ್ಲ," ಎಂದಳು ದೇವೀರಮ್ಮ, "ಎಂಥಾ ಅವ್ವ ಇವಳಿಗೆ?"

"ನಾನೇ ಕಣಕ್ಕ ಅವ್ವ," ಎಂದೆ. "ಗಂಡು ಅಂತ ಬದು ಮ್ಯಾಲೆ ನಿಲ್ಸ್ಬುಟ್ಟಿದ್ದೆ. ನನ್ನ ಮಗಳಿಗೆ ನಾನೇ ಕಲ್ಸ್ನಿಲ್ಲ. ತಪ್ಪು ನಂದು."

ಬದುವಿನ ಮೇಲೆ ಗೋವಿಂದಯ್ಯ ಕಂತೆ ಹಿಡಿದು ಹಾಗೇ ನಿಂತಿದ್ದ. ಕವನಳ ಕೈ ನೀರಿನೊಳಗೇ ನಿಂತಿತು. ನಾನು ಅವಳ ಮುಖ ನೋಡಲಿಲ್ಲ. ನೋಡಿದರೆ ಅತ್ತುಬಿಡುತ್ತಿದ್ದೆ. ಅವಳ ಹೆಬ್ಬೆರಳು ಹಿಡಿದು ಬೇರನ್ನು ಕೆಸರಿಗೆ ಒತ್ತಿಸಿದೆ.

"ನಾಳಿದ್ದು ನಮ್ಮೂರಲ್ಲಿ ನಾಟಿ. ರಜ ಆಕ್ಬುಟ್ಟು ಬಾ ಕವನ."

ಇನ್ನೊಂದು ಪೈರನ್ನು ತಾನೇ ಒತ್ತಿ ಅವಳು, "ಅಲ್ಲೂ ಗೂಡು ಕಟ್ತಾರಾ?" ಎಂದಳು.

"ಕಟ್ಲಿ ಬುಡು," ಎಂದೆ. "ನಾನಿರ್ತೀನಲ್ಲ."