ಓತಿಲಿಯಾಳ ಹೆಸರಿನ ಗೊಂಬೆ

ಸೆಲಾಯಾ ಊರಿನ ಆ ಬೀದಿಯಲ್ಲಿ ಕಾಗದದ ಗೊಂಬೆ ಮಾಡುವ ಮನೆಗಳು ಏಳೆಂಟಿದ್ದವು. ಆದರೆ ಕಣ್ಣು ನೋಡಿಯೇ ಇಂಥವರ ಮನೆಯದು ಎಂದು ಜನ ಗುರುತು ಹಿಡಿಯುತ್ತಿದ್ದದ್ದು ದೋನ್ಯಾ ಚೋನಾ ಎಂಬ ಮುದುಕಿಯ ಗೊಂಬೆಗಳನ್ನು ಮಾತ್ರ. ಮಣ್ಣಿನ ಅಚ್ಚಿನೊಳಗೆ ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಹಚ್ಚುವುದು, ಒಣಗಿದ ಮೇಲೆ ಬಿಡಿಸಿ ಕೈಕಾಲುಗಳನ್ನು ದಾರದಿಂದ ಕಟ್ಟುವುದು, ಬಿಳಿ ಬಳಿದು ಮೇಲೆ ಗುಲಾಬಿ ಬಣ್ಣ ಕೊಡುವುದು, ಇವೆಲ್ಲ ಮಗಳು ಎರ್ಲಿಂದಾಳ ಕೆಲಸ. ಕಣ್ಣು ಮಾತ್ರ ಮುದುಕಿಯೇ ಬರೆಯಬೇಕು. ಪಿಂಗಾಣಿ ಗೊಂಬೆ ಕೊಳ್ಳಲಾರದ ಮನೆಯ ಹೆಣ್ಣುಮಕ್ಕಳಿಗೆಂದು ಚೋನಾಳ ಅಜ್ಜಿಯ ಕಾಲದಿಂದ ಮಾಡುತ್ತ ಬಂದ ಗೊಂಬೆಗಳು ಅವು. ಮಕ್ಕಳಿಗೆ ಉಡುಗೊರೆ ಸಿಗುವ ಮೂವರು ರಾಜರ ಹಬ್ಬದ ಬೆಳಿಗ್ಗೆ ಕಣ್ಣುಜ್ಜುತ್ತ ಎದ್ದ ಮಗುವಿಗೆ ಗೊಂಬೆ ತನ್ನನ್ನೇ ನೋಡುತ್ತಿದೆ ಅನ್ನಿಸಬೇಕು, ಇಲ್ಲದಿದ್ದರೆ ಅದು ಬರೀ ಪೇಪರು ಎಂದು ಮುದುಕಿ ಹೇಳುತ್ತಿದ್ದಳು.

ಎರ್ಲಿಂದಾಗೆ ನಲವತ್ತಾರು ವರ್ಷ. ಮದುವೆಯಾಗಿರಲಿಲ್ಲ. ಮೂವತ್ತು ವರ್ಷ ಅಂಟು ಕಲಸಿ ಕಲಸಿ ಬೆರಳ ಸಂದಿಗಳು ಬಿರಿದಿದ್ದವು. ಅಮ್ಮನ ಕೈ ನಡುಗತೊಡಗಿದಾಗ ಕುಂಚ ತನಗೇ ಬರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಕೂತು ಸೊಟ್ಟಗಾದ ಗೊಂಬೆಗಳ ಮೇಲೆ ಕಣ್ಣು ಬರೆದು ಬರೆದು ಕೈ ಪಳಗಿಸಿಕೊಂಡಿದ್ದಳು ಕೂಡ. ಆದರೆ ಒಂದು ಮಧ್ಯಾಹ್ನ, ತೋರ್ತಿಯಾ ರೊಟ್ಟಿಯ ಬುಟ್ಟಿ ಇನ್ನೂ ಮೇಜಿನ ಮೇಲಿರುವಾಗಲೇ, ಮುದುಕಿ ಕುಂಚವನ್ನು ತಂದು ಓತಿಲಿಯಾಳ ಮುಂದಿಟ್ಟಳು. ಓತಿಲಿಯಾ ಎರ್ಲಿಂದಾಳ ತಮ್ಮ ಲೆಯೋಬಾರ್ದೊನ ಹೆಂಡತಿ. ಆ ಮನೆಗೆ ಬಂದು ಮೂರು ವರ್ಷವಾಗಿತ್ತು ಅಷ್ಟೇ.

"ಇವಳ ಕೈ ಹಗುರ," ಅಂದಳು ಮುದುಕಿ.

ಎರ್ಲಿಂದಾ ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು. ತೊಳೆದ ತಟ್ಟೆಗಳನ್ನೇ ಮತ್ತೊಮ್ಮೆ ತೊಳೆದಳು.

ಅಂದಿನಿಂದ ಓತಿಲಿಯಾ ಏನು ಮಾಡಿದರೂ ಎರ್ಲಿಂದಾಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಗುನುಗುವುದು, ಅತ್ತೆಯನ್ನು ಬಾಯಿ ತುಂಬ "ಅಮ್ಮ" ಎನ್ನುವುದು, ಬಣ್ಣದ ಬಟ್ಟಲನ್ನು ಎಡಗಡೆ ಇಟ್ಟುಕೊಳ್ಳುವುದು, ಎಲ್ಲವೂ. ಎಲ್ಲಕ್ಕಿಂತ ಹೆಚ್ಚಾಗಿ, ಮಗಳ ಕೆಲಸವನ್ನು ಎಂದೂ ತಿರುಗಿ ನೋಡದ ಅಮ್ಮ ಈಗ ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕದಲ್ಲೇ ಕೂರುತ್ತಿದ್ದಳು. ಎರ್ಲಿಂದಾ ಒರಟಾದ ಮುಖಗಳನ್ನೇ ಆರಿಸಿ ಓತಿಲಿಯಾಳ ಪಾಲಿಗೆ ಇಡತೊಡಗಿದಳು. ಓತಿಲಿಯಾ ಮಾತಿಲ್ಲದೆ ಅವನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿಕೊಂಡು ಬರೆಯುತ್ತಿದ್ದಳು. ಒಮ್ಮೆಯಾದರೂ ದೂರಿದ್ದರೆ ಎರ್ಲಿಂದಾಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪಕ್ಕದ ಮನೆಯ ತೋಮಾಸಾ ಬೇರೆ ಬಾಯಿ ಸುಮ್ಮನಿಟ್ಟುಕೊಳ್ಳುವವಳಲ್ಲ. ಗೋಡೆಯ ಆಚೆಯಿಂದ ಬಗ್ಗಿ, "ಏನೇ ಎರ್ಲಿಂದಾ, ಮೈ ನಿಂದು, ಕಣ್ಣು ಅವಳದು. ಕೂಸು ಯಾರನ್ನ ಅಮ್ಮ ಅನ್ನುತ್ತೋ?" ಅಂದಳು. ಎರ್ಲಿಂದಾ ನಕ್ಕಂತೆ ಮಾಡಿದಳು.

ನವೆಂಬರಿನಲ್ಲಿ ರಾಜಧಾನಿಯ ಒಂದು ಸಂಗ್ರಹಾಲಯದಿಂದ ಕಾಗದ ಬಂತು. ನಾಡಿನ ಹಳೆಯ ಆಟಿಕೆಗಳ ಪ್ರದರ್ಶನವಿದೆ, ನಿಮ್ಮ ಮನೆಯ ಒಂದು ಗೊಂಬೆ ಬೇಕು, ಮುಖ ಬರೆದವರ ಹೆಸರನ್ನೂ ತಿಳಿಸಿ ಎಂದು ಅದರಲ್ಲಿತ್ತು. ಲೆಯೋಬಾರ್ದೊ ಅಂದೇ ಹೆಂಡತಿಯ ಹೆಸರು ಬರೆದು ಅಂಚೆಗೆ ಹಾಕಿ ಬಂದ. ಓತಿಲಿಯಾ ಕೆಂಪು ಉಡುಪಿನ ಗೊಂಬೆಯೊಂದಕ್ಕೆ ಕಣ್ಣು ಬರೆದಳು. ಅದನ್ನು ಡಬ್ಬದಲ್ಲಿಟ್ಟು ಕಟ್ಟುವ ಕೆಲಸ ಎಂದಿನಂತೆ ಎರ್ಲಿಂದಾಳಿಗೆ ಬಂತು.

ಆಗಲೇ ಅವಳ ಕೊಟ್ಟಿಗೆಯಲ್ಲಿ ಅಂಥದೇ ಕೆಂಪು ಉಡುಪಿನ ಇನ್ನೊಂದು ಗೊಂಬೆ ಒಣಗುತ್ತಿತ್ತು. ಓತಿಲಿಯಾ ಸಂತೆಗೆ ಹೋದಾಗಲೆಲ್ಲ ಕದ್ದು ಕೂತು, ಒಂಬತ್ತು ದಿನ ಅಳಿಸಿ ಅಳಿಸಿ ಬರೆದ ಕಣ್ಣು ಅದರದು. ಎರ್ಲಿಂದಾ ಅದನ್ನೇ ಡಬ್ಬದಲ್ಲಿಟ್ಟು ಹುಲ್ಲು ತುಂಬಿ ಬಿಗಿದಳು. ಓತಿಲಿಯಾಳ ಗೊಂಬೆಯನ್ನು ತನ್ನ ಪೆಟ್ಟಿಗೆಯಲ್ಲಿ ಶಾಲುಗಳ ಕೆಳಗೆ ಬಚ್ಚಿಟ್ಟಳು. ಹೆಸರಿನ ವಿಷಯ ಅವಳ ತಲೆಗೆ ಹೊಳೆದದ್ದು ಡಬ್ಬ ಬಸ್ಸೇರಿ ಹೋದ ಮೇಲೆ.

ಜನವರಿಯಲ್ಲಿ ಎಲ್ಲರೂ ಪ್ರದರ್ಶನಕ್ಕೆ ಹೋದರು. ಬುಗುರಿ, ದಾರ ಕಟ್ಟಿದ ಮರದ ಚೆಂಡು‑ಬಟ್ಟಲು, ತಗಡಿನ ಕುದುರೆಗಳ ನಡುವೆ ಗಾಜಿನ ಪೆಟ್ಟಿಗೆಯೊಂದರಲ್ಲಿ ಗೊಂಬೆ ಕಾಲು ಚಾಚಿ ಕೂತಿತ್ತು. ಅದರ ಮುಂದೆಯೇ ಜನ ಹೆಚ್ಚು. ತಲೆ ನರೆತ ಒಬ್ಬ ಹೆಂಗಸು ಹಾಗೆ ದಾಟಿ ಹೋದವಳು ವಾಪಸು ಬಂದು ನಿಂತು, ಎಲ್ಲಿ ನಿಂತರೂ ಇದು ನನ್ನನ್ನೇ ನೋಡುತ್ತಿದೆ ಎಂದು ಜೊತೆಯವಳಿಗೆ ಹೇಳುತ್ತಿದ್ದಳು. ಎರ್ಲಿಂದಾಳ ಎದೆ ಉಬ್ಬಿತು. ಮರುಕ್ಷಣ ಕೆಳಗಿನ ಚೀಟಿ ಕಣ್ಣಿಗೆ ಬಿತ್ತು: ಮುಖ ಬರೆದವರು ಓತಿಲಿಯಾ ರಾಂಗೆಲ್.

ತನ್ನ ಜನ್ಮದ ಒಳ್ಳೆಯ ಕೆಲಸ ಎದುರಿಗೇ ಕೂತಿದೆ, ಹೊಗಳಿಕೆ ಮಾತ್ರ ಓತಿಲಿಯಾಗೆ. ಬಾಯಿ ಬಿಟ್ಟರೆ ಕಳ್ಳಿ, ಬಿಡದಿದ್ದರೆ ಯಾರೂ ಅಲ್ಲ. ಓತಿಲಿಯಾ ಗಾಜಿನ ಹತ್ತಿರ ಬಂದಳು, ನೋಡಿದಳು, ಮೆಲ್ಲಗೆ ತಿರುಗಿ ಎರ್ಲಿಂದಾಳ ಮುಖ ನೋಡಿದಳು. ಸುಮ್ಮನಿರಲಿ, ನಂದೇ ಅಂದುಬಿಡಲಿ ಎಂದು ಎರ್ಲಿಂದಾ ಮನಸ್ಸಿನಲ್ಲೇ ಬೇಡಿಕೊಂಡಳು. ಹಾಗಾದರೆ ಇನ್ನು ಮುಂದೆ ನೆಮ್ಮದಿಯಾಗಿ ಅವಳನ್ನು ದ್ವೇಷಿಸಬಹುದಿತ್ತು.

ಓತಿಲಿಯಾ ಅಲ್ಲಿದ್ದ ಅಧಿಕಾರಿಣಿಯ ಹತ್ತಿರ ಹೋದಳು. "ಚೀಟೀಲಿ ಹೆಸರು ತಪ್ಪಾಗಿದೆ ಮೇಡಂ. ಇದನ್ನ ಬರೆದಿದ್ದು ನಮ್ಮಕ್ಕ, ಎರ್ಲಿಂದಾ."

ಒಳ್ಳೆಯತನದಲ್ಲೂ ಅವಳೇ ಗೆದ್ದಳಲ್ಲ ಎಂದು ಎರ್ಲಿಂದಾಗೆ ಹೊಸದಾಗಿ ಹೊಟ್ಟೆಕಿಚ್ಚಾಯಿತು.

ಮುದುಕಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದಳು. "ಯಾವಾಗ ಕಲಿತೆ ನೀನು?" ಎಂದು ಮಗಳನ್ನು ಕೇಳಿದಳು.

"ನೀನು ಯಾವಾಗ ನೋಡಿದ್ದೆ ಅಮ್ಮ?"

ಮುದುಕಿ ಮತ್ತೆ ಗಾಜಿನ ಕಡೆಗೇ ತಿರುಗಿದಳು. ಅಂದೇ ಎಲ್ಲರೂ ಬಸ್ಸಿನಲ್ಲಿ ಊರಿಗೆ ವಾಪಸಾದರು.

ಮಾರನೆಯ ದಿನ ಓತಿಲಿಯಾ ಎರ್ಲಿಂದಾಳ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ತನ್ನ ಗೊಂಬೆ ಏನಾಯಿತೆಂದು ಕೇಳಿದಳು. ಎರ್ಲಿಂದಾ ಶಾಲುಗಳನ್ನು ಸರಿಸಿ ತೆಗೆದು ಕೊಟ್ಟಳು.

"ಸುಟ್ಟು ಹಾಕಿರ್ತೀಯ ಅಂದ್ಕೊಂಡಿದ್ದೆ ಅಕ್ಕ."

"ಸುಡಬೇಕು ಅಂತಲೇ ಇದ್ದೆ. ಆಗಲಿಲ್ಲ. ದಿನಾ ತೆಗೆದು ನೋಡ್ತಿದ್ದೆ. ರೆಪ್ಪೆ ಅದು ಹೇಗೆ ಒಂದೇ ಎಳೇಲಿ ಬರುತ್ತೆ ಅಂತ ಎಷ್ಟು ನೋಡಿದರೂ ಗೊತ್ತಾಗಲಿಲ್ಲ."

ಓತಿಲಿಯಾಳ ಮುಖ ಬಿಗಿದೇ ಇತ್ತು. ಗೊಂಬೆಯ ಮೇಲಿನ ಧೂಳನ್ನು ಸೆರಗಂಚಿನಂತೆ ಇಳಿಬಿದ್ದ ತನ್ನ ಶಾಲಿನಿಂದ ಒರೆಸಿದಳು. ಆಮೇಲೆ ಹೇಳಿದಳು: "ಎಳೆಯೋವಾಗ ಉಸಿರು ಹಿಡೀಬಾರದು. ಬಿಡ್ತಾ ಎಳೀಬೇಕು. ನೀನು ಕೇಳಿದ್ದರೆ ಅವತ್ತೇ ಹೇಳ್ತಿದ್ದೆ."

ಆ ವಾರ ಮುದುಕಿ ಕಿಟಕಿಯ ಬಳಿ ಕಣ್ಣು ಬರೆಯಲು ಎರ್ಲಿಂದಾಗೂ ಒಂದು ಕುರ್ಚಿ ಹಾಕಿಸಿದಳು. ಈಗ ಆ ಮನೆಯ ಗೊಂಬೆಗಳಿಗೆ ಎರಡು ಬಗೆಯ ಕಣ್ಣು. ಸಂತೆಯ ದಿನ ಬಂದವರು ಯಾವುದನ್ನು ಎತ್ತಿಕೊಳ್ಳುತ್ತಾರೆಂದು ಎರ್ಲಿಂದಾ ಓರೆಗಣ್ಣಿನಲ್ಲಿ ನೋಡುತ್ತಲೇ ಇರುತ್ತಾಳೆ. ಓತಿಲಿಯಾಳವೇ ಹೆಚ್ಚು ಹೋದ ದಿನ ತಲೆನೋವೆಂದು ಬೇಗ ಮಲಗುತ್ತಾಳೆ. ತನ್ನವು ಹೆಚ್ಚು ಹೋದ ದಿನ ಮನೆಮಂದಿಗೆಲ್ಲ ದಾಲ್ಚಿನ್ನಿ ಹಾಕಿ ಚಾಕೊಲೇಟು ಕಾಸುತ್ತಾಳೆ, ಓತಿಲಿಯಾಳ ಲೋಟಕ್ಕೆ ತುಸು ಹೆಚ್ಚೇ ಸುರಿಯುತ್ತಾಳೆ.